ಕಾಣದ ಬಾಗಿಲಿಗೊಂದು ಬೀಗ

ಊರಿನಿಂದ ಬಂದ ನೆಂಟರು ಈಗ ಕಾಫಿಗೆ ಮೊದಲೇ ವೈ-ಫೈ ಪಾಸ್‌ವರ್ಡ್ ಕೇಳುತ್ತಾರೆ. ನಾವೂ ಸಂಕೋಚವಿಲ್ಲದೆ ಹೇಳಿಬಿಡುತ್ತೇವೆ. ಆ ಗುಪ್ತಪದದ ಹಿಂದೆ ಕಾಲು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಅದರ ಒಂದು ಪುಟ ನಮ್ಮ ಮುಂಬಯಿಯ ಮಗ್ಗುಲಲ್ಲೇ ಬರೆಯಲ್ಪಟ್ಟಿದೆ.

ತಂತಿಯಲ್ಲಿ ಹೋಗುವ ಸುದ್ದಿಯನ್ನು ಕದಿಯಲು ತಂತಿಯ ಬಳಿಗೇ ಬರಬೇಕು. ರೇಡಿಯೋ ಅಲೆಗಾದರೋ ಗೋಡೆಯ ಹಂಗಿಲ್ಲ. ಬೀದಿಯಲ್ಲಿ ನಿಂತವನಿಗೂ ಅದು ಸಿಗುತ್ತದೆ. ಆದ್ದರಿಂದ 1997ರಲ್ಲಿ ಐಇಇಇ ಸಂಸ್ಥೆ ನಿಸ್ತಂತು ಜಾಲದ ಮೊದಲ ನಿಯಮಾವಳಿಯನ್ನು ಹೊರತಂದಾಗ ‘ವೆಪ್’ ಎಂಬ ಬೀಗವನ್ನೂ ಅದರಲ್ಲಿ ಸೇರಿಸಿತು. ತಂತಿಯಷ್ಟೇ ಗೋಪ್ಯವೆಂಬುದು ಹೆಸರಿನ ಭಾವ. ಆದರೆ ಬೀಗದ ಕೈ ಕೇವಲ 40 ಬಿಟ್‌ಗಳದು. ಬಲವಾದ ಗೂಢಲಿಪಿಯ ರಫ್ತಿಗೆ ಅಮೆರಿಕ ಆಗ ನಿರ್ಬಂಧ ಹಾಕಿತ್ತು. ಸಂದೇಶದ ಪ್ರತಿ ತುಣುಕಿಗೂ ಬೆರೆಸುವ ಸಂಖ್ಯೆಯೂ 24 ಬಿಟ್‌ಗಳದೇ. ಸುಮಾರು 1 ಕೋಟಿ 67 ಲಕ್ಷ ಸಂಖ್ಯೆಗಳು ಮುಗಿದರೆ ಹಳೆಯವೇ ಮರಳಬೇಕು. ತುಣುಕುಗಳನ್ನು ಸಾಕಷ್ಟು ಕೂಡಿಹಾಕಿದರೆ ಕೀಲಿಯನ್ನೇ ಕಂಡುಹಿಡಿಯಬಹುದೆಂದು 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ತೋರಿಸಿಕೊಟ್ಟರು.

ಹಳೆಯ ಯಂತ್ರಗಳಿಗೂ ಒಗ್ಗುವಂತೆ 2003ರಲ್ಲಿ ‘ಡಬ್ಲ್ಯೂಪಿಎ’ ಬಂತು. 2004ರಲ್ಲಿ ಎಇಎಸ್ ಗೂಢಲಿಪಿಯನ್ನು ಬಳಸುವ ‘ಡಬ್ಲ್ಯೂಪಿಎ2’ ಬಂತು. ಇವುಗಳಲ್ಲಿ ನಮ್ಮ ಗುಪ್ತಪದ ಗಾಳಿಯಲ್ಲಿ ಹೋಗುವುದೇ ಇಲ್ಲ. ರೌಟರ್ ಒಂದು ಹೊಸ ಸಂಖ್ಯೆಯನ್ನು ಕಳಿಸುತ್ತದೆ, ಫೋನು ತನ್ನದೊಂದನ್ನು ಕಳಿಸುತ್ತದೆ. ಇಬ್ಬರೂ ಅವನ್ನು ಗುಪ್ತಪದದೊಡನೆ ಸೇರಿಸಿ ಲೆಕ್ಕ ಹಾಕುತ್ತಾರೆ. ನಾಲ್ಕು ಸಂದೇಶಗಳಲ್ಲಿ ಲೆಕ್ಕ ತಾಳೆಯಾದರೆ ಪ್ರವೇಶ.

ಬೀಗವೇನೋ ಬಂತು, ಹಾಕುವವರು ಬೇಕಲ್ಲ! 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಇ-ಮೇಲಿನ ಜಾಡು ನವಿ ಮುಂಬಯಿಯ ಸಾನ್‌ಪಾಡಾದ ಮನೆಯೊಂದಕ್ಕೆ ತಲುಪಿತು. ಸರಿಯಾದ ಭದ್ರತೆಯಿಲ್ಲದ ಆ ಮನೆಯ ವೈ-ಫೈಯನ್ನು ಅನ್ಯರು ಬಳಸಿಕೊಂಡಿದ್ದರು. ಪೊಲೀಸರ ಪ್ರಶ್ನೆಗಳನ್ನು ಮಾತ್ರ ಮನೆಯಾತ ಎದುರಿಸಬೇಕಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆಮೇಲೆ ನಗರದಲ್ಲಿ ತೆರೆದ ಜಾಲಗಳ ಚರ್ಚೆ ಹುಟ್ಟಿತು.

ಹೊಸ ಬೀಗವೂ ನಿರ್ದೋಷಿಯಲ್ಲ. ಆ ನಾಲ್ಕರಲ್ಲಿ ಮೂರನೆಯ ಸಂದೇಶವನ್ನು ಮತ್ತೆ ಕಳಿಸಿ ಫೋನನ್ನು ಏಮಾರಿಸಬಹುದೆಂದು ಬೆಲ್ಜಿಯಂನ ಮಥಿ ವಾನ್‌ಹೂಫ್ 2017ರಲ್ಲಿ ತೋರಿಸಿದರು. ತಂತ್ರಾಂಶವನ್ನು ತಿದ್ದಿ ಅದನ್ನು ಸರಿಪಡಿಸಲಾಯಿತು. ಇನ್ನೊಂದು ಅಪಾಯ ನಮ್ಮ ಕೈಯಲ್ಲೇ ಇದೆ. ಡಬ್ಲ್ಯೂಪಿಎ2ರ ಸಂದೇಶಗಳನ್ನು ಹಿಡಿದಿಟ್ಟುಕೊಂಡವನು ಮನೆಯಲ್ಲಿ ಕುಳಿತೇ ಸಾವಿರಾರು ಪದಗಳನ್ನು ಊಹಿಸಿ ನೋಡಬಹುದು. ಮಗುವಿನ ಹೆಸರು, ಹುಟ್ಟಿದ ವರ್ಷ ಅವನಿಗೆ ತುತ್ತಲ್ಲ. 2018ರ ‘ಡಬ್ಲ್ಯೂಪಿಎ3’ ಈ ಊಹೆಯ ದಾರಿಯನ್ನು ಮುಚ್ಚುತ್ತದೆ.

ಗುಪ್ತಪದ 8ರಿಂದ 63 ಅಕ್ಷರಗಳವರೆಗೂ ಇರಬಹುದಾದಾಗ ನಾವೇಕೆ ಎಂಟಕ್ಕೇ ಜಿಪುಣರಾಗಬೇಕು? ನೆಂಟರಿಗೋ, ಅನೇಕ ರೌಟರುಗಳಲ್ಲಿ ಬೇರೆಯದೇ ಅತಿಥಿಜಾಲವಿದೆ. ಜಗುಲಿಯನ್ನು ಬಿಟ್ಟುಕೊಟ್ಟು ಕೋಣೆಗೆ ಬೀಗ ಹಾಕಿದರೆ ಆತಿಥ್ಯಕ್ಕೇನೂ ಕುಂದಿಲ್ಲ.