ಸಂಯುಕ್ತ ಭ್ರಮಣೆ

ಒಂದರ ಬೆನ್ನಿಗೆ ಒಂದರಂತೆ ನಡೆದ ಭ್ರಮಣೆಗಳ ಒಟ್ಟು ಪರಿಣಾಮಕ್ಕೆ ಸಂಯುಕ್ತ ಭ್ರಮಣೆ ಎಂದು ಹೆಸರು. ಸಮತಲದಲ್ಲಿ ಇದು ಬರೀ ಕೂಡುವ ಲೆಕ್ಕ: 30 ಡಿಗ್ರಿ ತಿರುಗಿಸಿ ಮತ್ತೆ 40 ಡಿಗ್ರಿ ತಿರುಗಿಸಿದರೆ 70 ಡಿಗ್ರಿ, ಯಾವುದು ಮೊದಲಾದರೂ ಒಂದೇ. ಮೂರು ಆಯಾಮಕ್ಕೆ ಬಂದೊಡನೆ ಈ ಸಲೀಸು ಹೋಗುತ್ತದೆ.

ಒಂದು ಬೆಂಕಿಪೊಟ್ಟಣವನ್ನು ಚಿತ್ರ ಮೇಲಾಗಿ, ಉದ್ದ ಎಡಬಲಕ್ಕೆ ಬರುವಂತೆ ಮೇಜಿನ ಮೇಲಿಡಿ. ನಿಮ್ಮಿಂದ ಆಚೆಗೆ ಕಾಲು ಸುತ್ತು ಉರುಳಿಸಿ, ಆಮೇಲೆ ನಿಂತಲ್ಲೇ ಕಾಲು ಸುತ್ತು ತಿರುಗಿಸಿ: ಪೊಟ್ಟಣ ಕಡ್ಡಿ ಗೀರುವ ಮಗ್ಗುಲ ಮೇಲೆ ನಿಂತಿರುತ್ತದೆ. ಮೊದಲು ತಿರುಗಿಸಿ ಆಮೇಲೆ ಉರುಳಿಸಿದರೆ ಅದೇ ಪೊಟ್ಟಣ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಈ ವಿಷಯದ ಇತಿಹಾಸವೆಲ್ಲ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತರುವ ಪ್ರಯತ್ನವೇ.

ಕೇಂದ್ರ ಕದಲದಂತೆ ಗೋಳವನ್ನು ಹೇಗೇ ಹೊರಳಿಸಿದರೂ ಮೊದಲಿನ ಜಾಗದಲ್ಲೇ ಉಳಿಯುವ ವ್ಯಾಸವೊಂದು ಇದ್ದೇ ಇರುತ್ತದೆ ಎಂದು ಲಿಯೊನಾರ್ಡ್ ಆಯ್ಲರ್ 1775ರಲ್ಲಿ ತೋರಿಸಿದ. ಅಂದರೆ ಎಷ್ಟು ಸಲ ತಿರುಗಿಸಿದರೂ ಫಲ ಒಂದೇ ಭ್ರಮಣೆ. ಆ ಅಕ್ಷ ಯಾವುದು, ಕೋನ ಎಷ್ಟು ಎಂಬುದಕ್ಕೆ ಸೂತ್ರ ಕೊಟ್ಟವನು ಫ್ರಾನ್ಸಿನ ಓಲಿಂಡ್ ರೋಡ್ರಿಗ್ಸ್, 1840ರಲ್ಲಿ. ಅವನ ಸೂತ್ರದಲ್ಲಿ ಕೋನಗಳು ಅರ್ಧವಾಗಿ ಬರುತ್ತವೆ. ಪೊಟ್ಟಣದ ಎರಡು ಕಾಲು ಸುತ್ತುಗಳು ಕೂಡಿ, ಘನದ ಎದುರುಬದುರು ಮೂಲೆಗಳನ್ನು ಸೇರಿಸುವ ಕರ್ಣದ ಸುತ್ತ 120 ಡಿಗ್ರಿಯ ಒಂದೇ ತಿರುವಾಗುತ್ತವೆ. ಕ್ರಮ ಬದಲಾದರೆ ಬದಲಾಗುವುದು ಕರ್ಣ ಮಾತ್ರ. ರೋಡ್ರಿಗ್ಸನಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ.

ಮನ್ನಣೆ ಹೋದದ್ದು ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ರಾಯಲ್ ಕಾಲುವೆಯ ದಂಡೆಯಲ್ಲಿ ಹೆಂಡತಿಯೊಡನೆ ನಡೆಯುತ್ತಿದ್ದಾಗ, ಭ್ರಮಣೆಗಳನ್ನು ಬರೆಯಲು ಒದಗುವ ನಾಲ್ಕು ಘಟಕಗಳ ಸಂಖ್ಯೆಗಳಾದ ಕ್ವಾಟರ್ನಿಯನ್‌ಗಳ ನಿಯಮ ಹೊಳೆದು, ಅದನ್ನು ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದ. ಇವುಗಳ ಗುಣಾಕಾರದಲ್ಲೂ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಬೆಂಕಿಪೊಟ್ಟಣದ ಹಟವೇ ಇಲ್ಲಿ ಬೀಜಗಣಿತವಾಗಿದೆ.

ನಾಲ್ಕನೆಯ ಆಯಾಮದಲ್ಲಿ ಅಕ್ಷದ ಕಲ್ಪನೆಯೇ ಸೋಲುತ್ತದೆ. ಭ್ರಮಣೆ ನಡೆಯುವುದು ಒಂದು ಸಮತಲದಲ್ಲಿ. ಅಕ್ಷವೆಂಬುದು ಆ ಸಮತಲಕ್ಕೆ ಲಂಬವಾಗಿ ಉಳಿದ ಜಾಗ. ಮೂರು ಆಯಾಮದಲ್ಲಿ ಹಾಗೆ ಉಳಿಯುವುದು ಒಂದು ಗೆರೆ, ನಾಲ್ಕರಲ್ಲಿ ಇನ್ನೊಂದು ಇಡೀ ಸಮತಲ. ಅದೂ ತನ್ನಷ್ಟಕ್ಕೆ ಬೇರೆ ಕೋನದಲ್ಲಿ ತಿರುಗಬಹುದು. ಆಗ ಕದಲದೆ ಉಳಿಯುವುದು ಒಂದು ಬಿಂದು ಮಾತ್ರ. ಇದಕ್ಕೆ ಜೋಡಿ ಭ್ರಮಣೆ ಎನ್ನಬಹುದು. ಎರಡು ಕೋನಗಳೂ ಸಮವಾದರೆ ಗೋಳದ ಪ್ರತಿ ಬಿಂದುವೂ ಅಷ್ಟೇ ಕೋನ ಸರಿಯುತ್ತದೆ. ಅದರಲ್ಲಿ ಎಡಗೈ, ಬಲಗೈ ಎಂಬ ಎರಡು ಬಗೆ. ನಾಲ್ಕು ಆಯಾಮದ ಬಿಂದುವನ್ನು ಕ್ವಾಟರ್ನಿಯನ್ ಎಂದೇ ಎಣಿಸಿ, ಎಡದಿಂದ ಒಂದು, ಬಲದಿಂದ ಒಂದು ಕ್ವಾಟರ್ನಿಯನ್ನಿನಿಂದ ಗುಣಿಸಿದರೆ ಯಾವ ಭ್ರಮಣೆಯೂ ಸಿಗುತ್ತದೆ ಎಂದು ಆರ್ಥರ್ ಕೇಲಿ 1855ರಲ್ಲಿ ತೋರಿಸಿದ. ಎಡದ್ದು ಎಡದ್ದರೊಡನೆ, ಬಲದ್ದು ಬಲದ್ದರೊಡನೆ ಕೂಡುತ್ತದೆ. ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಇಷ್ಟು ಚೆಲುವಾದ ಬಿಡಿಕೆ ಇನ್ನಾವ ಆಯಾಮದಲ್ಲೂ ಇಲ್ಲ.

1875ರಲ್ಲಿ ಕಾಮಿಲ್ ಜೋರ್ಡಾನ್ ಎಷ್ಟೇ ಆಯಾಮದ ಭ್ರಮಣೆಯನ್ನೂ ಪರಸ್ಪರ ಲಂಬವಾದ ಸಮತಲಗಳಿಗೆ ಒಡೆದು ತೋರಿಸಿದ. ಐದು ಆಯಾಮವಿದ್ದರೆ ಎರಡು ಸಮತಲ, ಮಿಕ್ಕಿದ್ದೊಂದು ಗೆರೆ. ಅಕ್ಷಗಳನ್ನು ಎರಡೆರಡಾಗಿ ಜೋಡಿಸಿದರೆ ಮೂರು ಆಯಾಮದಲ್ಲಿ 3, ನಾಲ್ಕರಲ್ಲಿ 6, ಐದರಲ್ಲಿ 10 ಸಮತಲಗಳಾಗುತ್ತವೆ. ಅಕ್ಷಗಳೂ ಸಮತಲಗಳೂ ಮೂರೇ ಆಗಿರುವ ಆಕಸ್ಮಿಕದಿಂದ ನಾವು ಅಕ್ಷದ ಮಾತಿಗೆ ಅಂಟಿಕೊಂಡೆವು.

ಕ್ವಾಟರ್ನಿಯನ್‌ಗಳ ಈ ಕೆಲಸವನ್ನು ಎಲ್ಲ ಆಯಾಮಗಳಿಗೂ ಹಬ್ಬಿಸುವ ಬೀಜಗಣಿತವನ್ನು ವಿಲಿಯಂ ಕ್ಲಿಫರ್ಡ್ 1878ರಲ್ಲಿ ಪ್ರಕಟಿಸಿ, ಮರುವರ್ಷ 33ನೆಯ ವಯಸ್ಸಿಗೇ ತೀರಿಕೊಂಡ. ಅದರಲ್ಲಿ ಎರಡು ಕನ್ನಡಿಗಳ ಪ್ರತಿಫಲನ ಸೇರಿ ಒಂದು ಭ್ರಮಣೆ. ಅದರ ಕೋನ ಕನ್ನಡಿಗಳ ನಡುವಿನ ಕೋನದ ಇಮ್ಮಡಿ. ರೋಡ್ರಿಗ್ಸನ ಅರ್ಧಕೋನ ಬಂದದ್ದು ಇಲ್ಲಿಂದಲೇ.