ಸಂಸಾರವಂದಿಗರ ಮೋಟಾರು

ಸಂಸಾರ ಬೆಳೆದಂತೆ ಮನೆಯಲ್ಲಿ ಪಾತ್ರೆ ಪಡಗಗಳೂ ಹಾಸಿಗೆ ಹೊದಿಕೆಗಳೂ ಹೆಚ್ಚುವುದು ಲೋಕರೂಢಿ. ಮೋಟಾರು ಗಾಡಿಯ ವಿಚಾರ ಮಾತ್ರ ಹಾಗಿರಲಿಲ್ಲ. ನಮ್ಮ ದೇಶದಲ್ಲಿ ಅದು ಬಹುಕಾಲ ರಾಜಮಹಾರಾಜರಿಗೆ, ಸಾಹುಕಾರರಿಗೆ, ದೊಡ್ಡ ಅಧಿಕಾರಿಗಳಿಗೆ ಸೇರಿದ ವಸ್ತುವಾಗಿತ್ತು. ಸಂಬಳ ಎಣಿಸಿ ತಿಂಗಳು ದೂಡುವ ಗೃಹಸ್ಥನು ಹೆಂಡತಿ ಮಕ್ಕಳನ್ನೂ ವಯಸ್ಸಾದ ತಾಯಿಯನ್ನೂ ಕೂರಿಸಿಕೊಂಡು ಹೋಗುವಂಥ ಕಾರನ್ನು ಕೊಳ್ಳಬಹುದೆ ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಸ್ವಾತಂತ್ರ್ಯ ಬಂದ ಮೇಲೆಯೇ. ಆ ಪ್ರಶ್ನೆಗೆ ಸರ್ಕಾರ ಒಂದು ಉತ್ತರ ಕೊಟ್ಟಿತು, ಕಾರ್ಖಾನೆಗಳು ಇನ್ನೊಂದು ಕೊಟ್ಟವು, ಸಂಸಾರಗಳು ತಮ್ಮದೇ ಆದ ಮೂರನೆಯದನ್ನು ಕಂಡುಕೊಂಡವು. ಅಗ್ಗದ ಕಾರು ಬೇರೆ, ಸಂಸಾರಕ್ಕೆ ನಿಲುಕುವ ಕಾರು ಬೇರೆ ಎಂಬುದೇ ಆ ಮೂರನೆಯ ಉತ್ತರ.

ಈ ಕಥೆಯ ಮೊದಲ ಅಧ್ಯಾಯದಲ್ಲಿಯೇ ನಮಗೆ ಪರಿಚಿತವಾದ ಹೆಸರೊಂದು ಬರುತ್ತದೆ. 1918ರಲ್ಲಿ ಮೈಸೂರಿನ ದಿವಾನಗಿರಿಯನ್ನು ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೋಟಾರು ಉದ್ಯಮವನ್ನು ಕಣ್ಣಾರೆ ಕಾಣಲು ಯೂರೋಪು ಅಮೆರಿಕಗಳನ್ನು ಸುತ್ತಿದರು. ಮರಳಿ ಬಂದು ಮುಂಬಯಿಯಲ್ಲಿ ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಬಾಳಾಸಾಹೇಬ ಖೇರರ ಮಂತ್ರಿಮಂಡಲ ಅದಕ್ಕೆ ಅನುಕೂಲವಾಗಿತ್ತು. ಆದರೆ 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರ, ಕಾರ್ಖಾನೆ ಬೆಂಗಳೂರಿಗೇ ಬರಲಿ ಎಂದು ಮುಂದೆ ಬಂದಿತು. ಯುದ್ಧಕ್ಕೆ ಇದು ಅವಶ್ಯವಲ್ಲವೆಂದು ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡಿಮಾಡಿತು. ವಿಚಿತ್ರವೆಂದರೆ, ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆಯಲು ಯಾವ ಅಡ್ಡಿಯೂ ಆಗಲಿಲ್ಲ! ವಿಮಾನ ಯುದ್ಧಕ್ಕೆ ಬೇಕಾಗಿತ್ತು. ಕಾರು ಬೇಕಾಗಿದ್ದುದು ಸಂಸಾರವಂದಿಗರಿಗೆ ಮಾತ್ರ ತಾನೆ?

ಕೊನೆಗೆ 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯಲ್ಲಿ ಹುಟ್ಟಿತು. ಕುರ್ಲಾದ ಅದರ ಕಾರ್ಖಾನೆಯಿಂದ 1947ರಲ್ಲಿ ಮೊದಲ ಗಾಡಿಗಳು ಹೊರಬಿದ್ದವು. ಕಾರ್ಖಾನೆ ಕನ್ನಡ ನಾಡಿಗೆ ಹೋಗಲಿಲ್ಲ. ಕನ್ನಡಿಗರೇ ಕಾರ್ಖಾನೆಗಳಿದ್ದ ಊರಿಗೆ ಬಂದರು. ಮಾಟುಂಗದಲ್ಲಿಯೋ ಡೊಂಬಿವಲಿಯಲ್ಲಿಯೋ ಮನೆಮಾಡಿದ ನಮ್ಮ ಹಿರಿಯರ ಕಣ್ಣಿಗೆ ದಿನವೂ ಬೀಳುತ್ತಿದ್ದ ಫಿಯೆಟ್ ಗಾಡಿಗಳು ಕುರ್ಲಾದವೇ.

1950ರ ದಶಕದ ಮೊದಲಲ್ಲಿ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸದೆ ಹೊರಗಿನಿಂದ ತಂದು ಬರಿದೇ ಜೋಡಿಸುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲವೆಂದು ಸರ್ಕಾರ ನಿಶ್ಚಯಿಸಿದುದರಿಂದ ಫೋರ್ಡ್, ಜನರಲ್ ಮೋಟರ್ಸ್ ಎರಡೂ ಬಾಗಿಲು ಮುಚ್ಚಿದವು. ಆಮೇಲೆ ಗೃಹಸ್ಥನ ಮುಂದೆ ಉಳಿದದ್ದು ಮೂರೇ ಗಾಡಿಗಳು ಎನ್ನಬಹುದು. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1957ರಿಂದ ತಯಾರಾದ ಅಂಬಾಸಿಡರ್. ಕುರ್ಲಾದ ಫಿಯೆಟ್ 1100. 1961ರಿಂದ ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್. ಇಂಜಿನಿನ ಅಳತೆ ಕ್ರಮವಾಗಿ 1489, 1089, 948 ಸಿ.ಸಿ. ಪುಸ್ತಕದ ಲೆಕ್ಕದಲ್ಲಿ ಹೆರಾಲ್ಡೇ ಸಣ್ಣದು, ಮಿತವ್ಯಯದ್ದು. ಆದರೆ ಅದಕ್ಕೆ ಮೊದಲಿಗೆ ಇದ್ದದ್ದು ಎರಡೇ ಬಾಗಿಲು. ಒಂಬತ್ತು ಗಜದ ಸೀರೆಯುಟ್ಟ ಅಜ್ಜಿ, ಮುಂದಿನ ಸೀಟನ್ನು ಮಡಿಸಿ, ಬಗ್ಗಿ, ಹಿಂದಕ್ಕೆ ನುಸುಳಬೇಕು! ನಾಲ್ಕು ಬಾಗಿಲಿನದು ಬರುವಷ್ಟರಲ್ಲಿ 1960ರ ದಶಕ ಮುಗಿಯುತ್ತ ಬಂದಿತ್ತು. ವಿಲಾಯಿತಿಯ ಗಂಡಹೆಂಡಿರಿಬ್ಬರಿಗೆ ಒಪ್ಪುವ ಗಾಡಿ ನಮ್ಮ ಅವಿಭಕ್ತ ಕುಟುಂಬಕ್ಕೆ ಒಪ್ಪಬೇಕೆಂದೇನೂ ಇಲ್ಲವಷ್ಟೆ.

ಅಂಬಾಸಿಡರಿಗೂ ಫಿಯೆಟಿಗೂ ಮುಂದುಗಡೆ ಬೆಂಚಿನಂಥ ಒಂದೇ ಉದ್ದ ಸೀಟು, ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿ. ಆದುದರಿಂದ ಮುಂದೆ ಮೂವರು, ಹಿಂದೆ ಮೂವರು, ತೊಡೆಯ ಮೇಲೆ ಮಕ್ಕಳು. ಮುಂಬಯಿಯ ಮನೆಗಳು ಫಿಯೆಟನ್ನೇ ಮೆಚ್ಚಿದುದಕ್ಕೆ ಕಾರಣಗಳು ಗಟ್ಟಿಯಾಗಿದ್ದವು. ಗಾಡಿ ಹಗುರ, ಪೆಟ್ರೋಲು ಕಡಿಮೆ ಕುಡಿಯುತ್ತದೆ, ಇಕ್ಕಟ್ಟಿನ ಬೀದಿಯಲ್ಲಿ ತಿರುಗುತ್ತದೆ. ಇವಕ್ಕಿಂತ ಮಿಗಿಲಾಗಿ, ಊರಿನ ಕಪ್ಪು ಹಳದಿ ಟ್ಯಾಕ್ಸಿಯೂ ಅದೇ. ಟ್ಯಾಕ್ಸಿಯಾಗಿ ಓಡುವ ಗಾಡಿಯ ಬಿಡಿಭಾಗ ಪ್ರತಿ ಗಲ್ಲಿಯಲ್ಲಿ ಸಿಗುತ್ತದೆ, ಪ್ರತಿಯೊಬ್ಬ ಮೇಸ್ತ್ರಿಗೂ ಅದರ ರೋಗ ಗೊತ್ತಿರುತ್ತದೆ. ಇದು ಯಾವ ಜಾಹೀರಾತಿನಲ್ಲಿಯೂ ಇರಲಿಲ್ಲ, ಗೃಹಿಣಿಯರಿಗೂ ತಿಳಿದಿತ್ತು.

ಆದರೆ ಆರಿಸಿಕೊಳ್ಳುವುದು ಒಂದು, ದೊರೆಯುವುದು ಇನ್ನೊಂದು. ಕಾರಿನ ಬೆಲೆಗೂ ಹಂಚಿಕೆಗೂ ಸರ್ಕಾರದ ಕಡಿವಾಣವಿತ್ತು. ಠೇವಣಿ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಳೆ ಕಾಯಬೇಕು. ಕಾಯುತ್ತ ಕಾಯುತ್ತ, ಮಡಿಲಲ್ಲಿದ್ದ ಮಗು ಶಾಲೆ ಸೇರುತ್ತಿತ್ತು. ಐವರ ಲೆಕ್ಕದಲ್ಲಿ ಕೇಳಿದ ಗಾಡಿ ಏಳು ಮಂದಿಯ ಮನೆಗೆ ಬರುತ್ತಿತ್ತು. ಕಾಯಲಾರದವರು ಹಳೆಯ ಗಾಡಿಯನ್ನು ಹೊಸದರ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡುಕೊಂಡದ್ದೂ ಉಂಟು. ಅರ್ಥಶಾಸ್ತ್ರಿಗಳಿಗೆ ಇದು ಕೊರತೆಯ ವಿಕಾರ. ಆದರೆ ಇದರಿಂದ ಸಂಸಾರಗಳು ಒಂದು ಪಾಠವನ್ನು ಕಲಿತವು: ಕೊಳ್ಳುವಾಗಲೇ ಮಾರುವ ಬೆಲೆಯನ್ನು ಯೋಚಿಸಬೇಕು. ಮಗಳ ಮದುವೆಗೆ, ಊರಿನ ಮನೆಯ ರಿಪೇರಿಗೆ ದುಡ್ಡು ಬೇಕಾದಾಗ ನೆರವಿಗೆ ಬರುವ ಗಾಡಿಯೇ ಗಾಡಿ.

ಬೇಸಗೆಯ ರಜೆಯ ಪ್ರಯಾಣವನ್ನು ಮರೆಯುವಂತಿಲ್ಲ. ಹೊರನಾಡ ಕನ್ನಡಿಗನ ಕಾರಿಗೆ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಊರಿನ ದಾರಿಯಲ್ಲಿ. ತಲೆಯ ಮೇಲೆ ಕ್ಯಾರಿಯರು, ಅದರ ಮೇಲೆ ಟ್ರಂಕು ಹೋಲ್ಡಾಲು. ಡಿಕ್ಕಿಯಲ್ಲಿ ರೇಡಿಯೇಟರಿಗೆಂದು ನೀರಿನ ಡಬ್ಬಿ, ಎರಡನೆಯ ಟಯರು. ಖಂಡಾಲಾ ಏರುವಾಗ ಇಂಜಿನು ಕುದಿಯಿತೆಂದರೆ ಬಾನೆಟ್ಟು ಎತ್ತಿ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದೇ ಸರಿ. ಪುಣೆ, ಸಾತಾರಾ, ಕೊಲ್ಹಾಪುರ ಕಳೆದು ನಿಪ್ಪಾಣಿಯಲ್ಲಿ ಕನ್ನಡದ ಬೋರ್ಡು ಕಂಡಾಗ ಗಾಡಿಗೂ ಜೀವ ಬಂದಂತೆ ತೋರುತ್ತಿತ್ತು.

ಇತ್ತ ಸರ್ಕಾರದ ಸಮಿತಿಗಳು 1960ರ ಸುಮಾರಿನಿಂದಲೂ ಜನತಾ ಕಾರಿನ ಮಾತನ್ನು ಆಡುತ್ತಲೇ ಇದ್ದವು. ಮಾತು ಗಾಡಿಯಾಗುವುದಕ್ಕೆ ಎರಡು ದಶಕಗಳು ಹಿಡಿದವು. ಅಷ್ಟರಲ್ಲಿ ಬೆಂಗಳೂರಿನಲ್ಲಿಯೇ ಒಂದು ಸಾಹಸ ನಡೆಯಿತೆಂಬುದನ್ನು ನಮ್ಮವರಲ್ಲಿ ಅನೇಕರು ಮರೆತಿದ್ದಾರೆ. 1970ರ ದಶಕದಲ್ಲಿ ಅಲ್ಲಿಯ ಸನ್‌ರೈಸ್ ಕಂಪನಿ, ಮೂರು ಚಕ್ರದ ‘ಬಾದಲ್’ ಎಂಬ ಗಾಡಿಯನ್ನು ಹೊರತಂದಿತು. ಆಮೇಲೆ 1982ರಲ್ಲಿ, ಸಿಪಾನಿ ಎಂಬ ಹೆಸರಿನಲ್ಲಿ, ‘ಡಾಲ್ಫಿನ್’ ಬಂದಿತು: ಇಂಗ್ಲೆಂಡಿನ ರಿಲಯಂಟ್ ಕಿಟನ್ ಗಾಡಿಯ ಮಾದರಿ, 848 ಸಿ.ಸಿ., ಫೈಬರ್‌ಗ್ಲಾಸಿನ ಮೈ. ತುಕ್ಕು ಹಿಡಿಯದು, ಪೆಟ್ರೋಲೂ ಮಿತ. ಆದರೆ ಮತ್ತೆ ಅದೇ ಎರಡು ಬಾಗಿಲು! ಮೇಲಾಗಿ ತಗಡನ್ನು ಬಡಿದು ನೇರಮಾಡುವ ಮೇಸ್ತ್ರಿಗೆ ಫೈಬರಿನ ಕೆಲಸ ಗೊತ್ತಿಲ್ಲ. ಸಂಸಾರಗಳು ನೋಡಿದವು, ಮೆಚ್ಚಿದವು, ಕೊಳ್ಳಲಿಲ್ಲ. ನಾಲ್ಕು ಬಾಗಿಲಿನ ‘ಮೊಂಟಾನಾ’ ಬರುವ ವೇಳೆಗೆ ಮಾರುಕಟ್ಟೆ ಬೇರೆಯವರ ಕೈಸೇರಿತ್ತು.

ಆ ಬೇರೆಯವರು ಯಾರೆಂಬುದನ್ನು ಹೇಳಬೇಕಾಗಿಲ್ಲ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ಗ್ರಾಹಕರಿಗೆ ಒಪ್ಪಿಸಿದರು. ಬೆಲೆ ಐವತ್ತು ಸಾವಿರದ ಆಸುಪಾಸು. ಅದಕ್ಕೆ ಮೊದಲೇ ಲಕ್ಷಕ್ಕೂ ಮೀರಿ ಜನ ಮುಂಗಡ ಕಟ್ಟಿದ್ದರು. 796 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನು. ತೂಕ ಸುಮಾರು 650 ಕಿಲೋ. ಅಂಬಾಸಿಡರ್ 1100 ಕಿಲೋ ಮೀರಿದ್ದಿತು. ಇಷ್ಟು ಪುಟ್ಟ ಗಾಡಿಯಲ್ಲಿ ನಾಲ್ವರು ಹೇಗೆ ಕೂರಬಲ್ಲರು? ಇಂಜಿನನ್ನು ಅಡ್ಡಲಾಗಿ ಇಟ್ಟು ಮುಂದಿನ ಚಕ್ರಗಳನ್ನೇ ತಿರುಗಿಸಿದ್ದರಿಂದ, ಗಾಡಿಯ ನಡುವೆ ಹಾದುಹೋಗುವ ಉದ್ದ ದಂಡವೂ ಅದಕ್ಕಾಗಿ ನೆಲದಲ್ಲಿ ಎದ್ದಿರುವ ಗೂನೂ ಬೇಡವಾದವು. ಉಳಿದ ಜಾಗ ಕಾಲಿಗೆ ಸಿಕ್ಕಿತು. ನಾಲ್ಕು ಬಾಗಿಲುಗಳಿದ್ದವು. ಹಿಂದಿನ ಡಿಕ್ಕಿ ಮಾತ್ರ ಒಂದು ಸೂಟ್‌ಕೇಸಿಗೆ ಸರಿ. ಆ ಕೊರತೆಯನ್ನು 1984ರ ಮಾರುತಿ ವ್ಯಾನು, ಅಂದರೆ ಮುಂದೆ ಓಮ್ನಿ ಎನಿಸಿಕೊಂಡ ಪೆಟ್ಟಿಗೆ, ತುಂಬಿಕೊಟ್ಟಿತು. ಅದೇ ಇಂಜಿನು, ಜಾರುವ ಬಾಗಿಲು, ಎಂಟು ಮಂದಿ, ಅವರ ಗಂಟುಮೂಟೆ! ಹೋಟೆಲಿನ ವ್ಯವಹಾರವಿದ್ದ ಮನೆಗಳಿಗಂತೂ ಬೆಳಗ್ಗೆ ತರಕಾರಿ, ಸಂಜೆ ಸಂಸಾರ ಎಂಬಂತೆ ಅದು ಎರಡು ಗಾಡಿಗಳ ಕೆಲಸ ಮಾಡಿತು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಹಂಗು ತಪ್ಪಿದ ಮೇಲೆ ಗಾಡಿಗಳ ಮಳೆಯೇ ಸುರಿಯಿತು. 1998ರಲ್ಲಿ ಸ್ಯಾಂಟ್ರೊ ಬಂದಾಗ ಅದರ ಎತ್ತರದ ಮಾಳಿಗೆಯನ್ನು ನೋಡಿ ನಕ್ಕವರಿದ್ದರು. ಮಂಡಿನೋವಿನ ಹಿರಿಯರು ನಗಲಿಲ್ಲ, ಸುಲಭವಾಗಿ ಹತ್ತಿ ಕುಳಿತರು. ಅದೇ ವರ್ಷದ ಕೊನೆಯಲ್ಲಿ ಟಾಟಾ ಇಂಡಿಕಾ, ಡೀಸೆಲ್ ಇಂಜಿನು, ಒಳಗೆ ಅಂಬಾಸಿಡರಿನ ವಿಶಾಲತೆ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್. ವಿಶ್ವೇಶ್ವರಯ್ಯನವರ ಯೋಜನೆಯಾಗಿ ಅರವತ್ತು ವರ್ಷಗಳಾದ ಮೇಲೆ ಕನ್ನಡ ನಾಡಿನಲ್ಲಿ ತಯಾರಾದ ದೊಡ್ಡ ಸಂಸಾರದ ಗಾಡಿಯೊಂದು ದೇಶವೆಲ್ಲ ಓಡಾಡಿತು.

ಅಗ್ಗದ ಕಾರಿನ ಕನಸು ಮಾತ್ರ ಇನ್ನೊಮ್ಮೆ ಬಂದಿತು. ಸ್ಕೂಟರಿನ ಮೇಲೆ ನಾಲ್ವರು ಮಳೆಯಲ್ಲಿ ಹೋಗುವುದನ್ನು ಕಂಡ ರತನ್ ಟಾಟಾ ಅವರು, 2008ರ ಜನವರಿ 10ರಂದು, ಲಕ್ಷ ರೂಪಾಯಿಯ ನ್ಯಾನೊವನ್ನು ತೋರಿಸಿದರು. ಉದ್ದೇಶದಲ್ಲಿ ಕರುಣೆಯಿತ್ತು, ಯಂತ್ರದಲ್ಲಿ ಜಾಣತನವಿತ್ತು. ಆದರೆ ಸಾಮಾನಿಗಾಗಿ ತೆರೆಯುವ ಹಿಂಬಾಗಿಲು 2015ರ ವರೆಗೆ ಅದಕ್ಕೆ ಇರಲಿಲ್ಲ. ‘ಎಲ್ಲಕ್ಕಿಂತ ಅಗ್ಗದ್ದು’ ಎಂಬ ಬಿರುದನ್ನು ಹೊತ್ತ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಲು ಮಧ್ಯಮ ವರ್ಗ ಹಿಂಜರಿಯಿತು. ಇದನ್ನು ಬರಿಯ ಒಣಜಂಬವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹತ್ತು ವರ್ಷದ ಉಳಿತಾಯವನ್ನು ಸುರಿದು ಕೊಂಡದ್ದಕ್ಕೆ ಮರ್ಯಾದೆಯನ್ನು ಬಯಸುವುದು ತಪ್ಪೆ? ಎರಡು ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಮಾರುತಿಯನ್ನು ತಂದವರು ಆ ಲೆಕ್ಕವನ್ನು ಚೆನ್ನಾಗಿಯೇ ಹಾಕಿದ್ದರು. 2018ರಲ್ಲಿ ನ್ಯಾನೊ ನಿಂತುಹೋಯಿತು.

ಈ ಎಲ್ಲ ದಶಕಗಳಲ್ಲಿ ನಮ್ಮ ಸಂಸಾರಗಳು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದುಂಟು: ಅಪಘಾತದಲ್ಲಿ ಮಕ್ಕಳ ಗತಿ. ತೊಡೆಯ ಮೇಲಿನ ಮಗು, ಮುಂದೆ ನಿಂತ ಹುಡುಗ, ಇವು ನಮ್ಮ ಫೋಟೋ ಆಲ್ಬಮ್ಮುಗಳ ಪ್ರೀತಿಯ ಚಿತ್ರಗಳು. ಈಗ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮುಂದಿನ ಸೀಟಿನ ಬೆಲ್ಟು ಕಡ್ಡಾಯವಾದದ್ದೇ 1994ರಲ್ಲಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ನೋಡಿದಾಗ ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. 2023ರ ಅಕ್ಟೋಬರಿನಿಂದ ಭಾರತದ್ದೇ ಆದ ಪರೀಕ್ಷೆ ನಡೆಯುತ್ತಿದೆ, ಅದರಲ್ಲಿ ಮಕ್ಕಳಿಗೆ ಬೇರೆಯೇ ಅಂಕಗಳುಂಟು. ಮೈಲೇಜನ್ನು ಕೇಳುವ ಮೊದಲು ಈ ಅಂಕಗಳನ್ನು ಕೇಳುವ ಗೃಹಸ್ಥನನ್ನು ನಾನು ಜಾಣನೆನ್ನುತ್ತೇನೆ.

ಡಿಕ್ಕಿಯ ವಿಚಾರಕ್ಕೆ ಬಂದರೆ, ಇಲ್ಲಿ ತೆರಿಗೆಯ ಕೈವಾಡವಿದೆ. 2006ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, 1200 ಸಿ.ಸಿ. ಮೀರದ ಪೆಟ್ರೋಲು ಗಾಡಿಗಳಿಗೂ 1500 ಸಿ.ಸಿ. ಮೀರದ ಡೀಸೆಲ್ ಗಾಡಿಗಳಿಗೂ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಹಾಗಾಗಿ ಹಿಂದುಗಡೆ ಕೊಯ್ದಿಟ್ಟಂತೆ ಕಾಣುವ ಕಾರುಗಳು ಬಂದವು. 2025ರ ಸೆಪ್ಟೆಂಬರಿನಲ್ಲಿ ಇಂಥ ಸಣ್ಣ ಗಾಡಿಗಳ ಜಿ.ಎಸ್.ಟಿ.ಯನ್ನು ಶೇಕಡಾ 18ಕ್ಕೆ ಇಳಿಸಿದಾಗಲೂ ಅಳತೆ ಅದೇ. ಮುಂಬಯಿಯಲ್ಲಿ ಖರ್ಚು ಉಳಿಸಲು ಸಿ.ಎನ್.ಜಿ. ಹಾಕಿಸಿದರೆ ಉಳಿದ ಡಿಕ್ಕಿಯನ್ನೂ ಸಿಲಿಂಡರು ನುಂಗುತ್ತಿತ್ತು. ಇತ್ತೀಚೆಗೆ ದೊಡ್ಡದೊಂದರ ಬದಲು ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಮಲಗಿಸಿದ ಗಾಡಿಗಳು ಬಂದಿವೆ. ಊರಿಂದ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಚೀಲ ತರುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನು ನಂಬರು ಫಲಕ. ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ವರ್ಗವಾಗಿ ಬೆಂಗಳೂರಿಗೆ ಮರಳಿದವರು ಆಜೀವ ತೆರಿಗೆಯ ಬಿಸಿಯನ್ನು ಬಲ್ಲರು. 2021ರಲ್ಲಿ ಬಂದ ‘ಬಿ.ಎಚ್.’ ಸರಣಿ ಈ ತೊಡಕನ್ನು ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಕಂಪನಿಗಳವರಿಗೂ ತಪ್ಪಿಸಿದೆ. ಸ್ವಂತ ವ್ಯಾಪಾರದವರಿಗೆ, ಹೋಟೆಲಿನವರಿಗೆ ಆ ಸೌಲಭ್ಯವಿಲ್ಲ; ಅವರು ಮಾತ್ರ, ಯಾವ ಊರಿನಲ್ಲಿ ನೆಲೆಸುವುದೆಂದು ಮೊದಲು ನಿಶ್ಚಯಿಸಿ ಆಮೇಲೆ ಕಾರಿನ ಅಂಗಡಿಗೆ ಹೋಗಬೇಕು.