ದಾಖಲೆಗಳಲ್ಲಿ ಸೂಕ್ಷ್ಮ ಮಾಹಿತಿಯ ಮರೆಮಾಡುವಿಕೆ

ದಾಖಲೆಯೊಂದನ್ನು ಸಾರ್ವಜನಿಕರಿಗೆ, ಅರ್ಜಿದಾರರಿಗೆ ಅಥವಾ ವ್ಯಾಜ್ಯದ ಎದುರು ಪಕ್ಷಕ್ಕೆ ನೀಡುವ ಮೊದಲು, ಅದರಲ್ಲಿ ಬಹಿರಂಗಪಡಿಸಬಾರದ ಭಾಗಗಳನ್ನು ಮಾತ್ರ ಶಾಶ್ವತವಾಗಿ ತೆಗೆದು ಉಳಿದ ಭಾಗವನ್ನು ಓದಲು ಬಿಡುವ ಕ್ರಮವೇ ಮರೆಮಾಡುವಿಕೆ. ಕಚೇರಿ ಹಾಗೂ ನ್ಯಾಯಾಲಯಗಳ ಬಳಕೆಯಲ್ಲಿ ಇದನ್ನು ರಿಡ್ಯಾಕ್ಷನ್ ಅಥವಾ ಮಾಸ್ಕಿಂಗ್ ಎಂದೂ ಕರೆಯುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆ, ರೋಗದ ವಿವರ, ಸಂತ್ರಸ್ತರ ಗುರುತು, ಗುಪ್ತವಾಗಿ ದೂರು ನೀಡಿದವರ ಹೆಸರು ಮೊದಲಾದವು ಸಾಮಾನ್ಯವಾಗಿ ಮರೆಮಾಡಲಾಗುವ ಮಾಹಿತಿಗಳು. ಹಿಂದೆ ಕಾಗದದ ಮೇಲೆ ಕಪ್ಪು ಮಸಿ ಬಳಿದು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುಮಟ್ಟಿಗೆ ದಾಖಲೆ ಪರಿಶೀಲನಾ ತಂತ್ರಾಂಶಗಳ ಮೂಲಕ ಮಾಡಲಾಗುತ್ತದೆ.

ಮರೆಮಾಡುವಿಕೆಗೆ ಎರಡು ಗುರಿಗಳಿವೆ: ವ್ಯಕ್ತಿಯ ಖಾಸಗಿತನ ಮತ್ತು ಸುರಕ್ಷತೆಯನ್ನು ಕಾಯುವುದು, ಹಾಗೆಯೇ ದಾಖಲೆಯ ಉಳಿದ ಭಾಗವನ್ನು ತಿಳಿಯುವ ನಾಗರಿಕರ ಹಕ್ಕನ್ನು ಉಳಿಸುವುದು. ಮೊದಲನೆಯದನ್ನು ಅಲಕ್ಷಿಸಿದರೆ ವ್ಯಕ್ತಿಗೆ ಅಪಾಯ. ಎರಡನೆಯದನ್ನು ಅಲಕ್ಷಿಸಿದರೆ ಆಡಳಿತದ ಪಾರದರ್ಶಕತೆಗೆ ಹಾನಿ.

ಮುಚ್ಚುವುದು ಮತ್ತು ಅಳಿಸುವುದು

ಕರಿಹಲಗೆಯ ಮೇಲಿನ ಬರಹವನ್ನು ಬಟ್ಟೆಯಿಂದ ಮುಚ್ಚುವುದು ಬೇರೆ, ಒರೆಸಿಹಾಕುವುದು ಬೇರೆ. ಗಣಕಯಂತ್ರದ ದಾಖಲೆಗಳಲ್ಲಿ ನಡೆಯುವ ಬಹುಪಾಲು ತಪ್ಪುಗಳು ಈ ವ್ಯತ್ಯಾಸವನ್ನು ಗಮನಿಸದೆ ಆಗುವಂಥವು. ಪಿಡಿಎಫ್ ಕಡತವೊಂದರಲ್ಲಿ ಅಕ್ಷರಗಳು ಒಂದು ವಸ್ತುವಾಗಿಯೂ ಅವುಗಳ ಮೇಲೆ ಎಳೆದ ಕಪ್ಪು ಪಟ್ಟಿ ಮತ್ತೊಂದು ವಸ್ತುವಾಗಿಯೂ ಇರುತ್ತವೆ. ಪಟ್ಟಿಯ ಕೆಳಗಿನ ಪಠ್ಯವನ್ನು ಆಯ್ದು ನಕಲು ಮಾಡಿ ಬೇರೆ ಕಡತದಲ್ಲಿ ಅಂಟಿಸಿದರೆ, ಮುಚ್ಚಿದ್ದೆಲ್ಲವೂ ಓದಲು ಸಿಗುತ್ತದೆ. ಅಕ್ಷರದ ಬಣ್ಣವನ್ನು ಬಿಳಿಯಾಗಿಸುವುದು, ಎಕ್ಸೆಲ್ ಹಾಳೆಯ ಅಂಕಣವನ್ನು ಕಾಣದಂತೆ ಮಡಚಿಡುವುದು, ಇವೂ ಇದೇ ಬಗೆಯ ಮುಚ್ಚುವಿಕೆಗಳು. ಮಾಹಿತಿ ಕಡತದೊಳಗೇ ಉಳಿದಿರುತ್ತದೆ.

ನಿಜವಾದ ಮರೆಮಾಡುವಿಕೆಯಲ್ಲಿ ಪಠ್ಯ ಅಥವಾ ಚಿತ್ರದ ಆ ಭಾಗವೇ ಕಡತದಿಂದ ತೆಗೆದುಹಾಕಲ್ಪಡುತ್ತದೆ. ಕಪ್ಪು ಪಟ್ಟಿಯು ಅಲ್ಲಿ ಏನೋ ಇತ್ತು ಎಂಬುದನ್ನು ತೋರಿಸುವ ಗುರುತಾಗಿ ಮಾತ್ರ ಉಳಿಯುತ್ತದೆ.

ಭಾರತದಲ್ಲಿ ಕಾನೂನಿನ ಹಿನ್ನೆಲೆ

ಮಾಹಿತಿ ಹಕ್ಕು ಅಧಿನಿಯಮ, 2005: ಈ ಅಧಿನಿಯಮದ 8ನೇ ಕಲಂ ಯಾವ ಮಾಹಿತಿಯನ್ನು ನೀಡದಿರಬಹುದು ಎಂಬುದನ್ನು ಪಟ್ಟಿಮಾಡುತ್ತದೆ. ದಾಖಲೆಯಲ್ಲಿ ಅಂಥ ಮಾಹಿತಿ ಇದೆಯೆಂಬ ಕಾರಣಕ್ಕೆ ಇಡೀ ದಾಖಲೆಯನ್ನೇ ನಿರಾಕರಿಸಬೇಕಾಗಿಲ್ಲ. ವಿನಾಯಿತಿ ಪಡೆದ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ನೀಡಲು 10ನೇ ಕಲಂ ಅವಕಾಶ ಕಲ್ಪಿಸುತ್ತದೆ. ಹಾಗೆ ನೀಡುವಾಗ, ಕೊಟ್ಟಿರುವುದು ದಾಖಲೆಯ ಒಂದು ಭಾಗ ಮಾತ್ರ ಎಂಬುದನ್ನು, ಅದಕ್ಕೆ ಕಾರಣಗಳನ್ನು, ತೀರ್ಮಾನ ಕೈಗೊಂಡವರ ಹೆಸರು ಮತ್ತು ಪದನಾಮವನ್ನು ಹಾಗೂ ಮರುಪರಿಶೀಲನೆ ಕೋರುವ ಹಕ್ಕನ್ನು ಅರ್ಜಿದಾರರಿಗೆ ಲಿಖಿತವಾಗಿ ತಿಳಿಸಬೇಕು. ಮೂರನೆಯ ವ್ಯಕ್ತಿ ಗೋಪ್ಯವೆಂದು ನೀಡಿದ ಮಾಹಿತಿಯನ್ನು ಕೊಡಲು ಉದ್ದೇಶಿಸಿದ್ದರೆ, 11ನೇ ಕಲಮಿನಂತೆ ಅರ್ಜಿ ಬಂದ 5 ದಿನಗಳೊಳಗೆ ಅವರಿಗೆ ನೋಟಿಸು ನೀಡಬೇಕು. ನೋಟಿಸು ತಲುಪಿದ 10 ದಿನಗಳೊಳಗೆ ಅವರು ತಮ್ಮ ಆಕ್ಷೇಪಣೆ ಸಲ್ಲಿಸಬಹುದು.

ಖಾಸಗಿತನದ ಹಕ್ಕು: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಅದಕ್ಕೂ ಮೊದಲು, ಅದೇ ವರ್ಷದ ಜನವರಿಯಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು ಪ್ರಕರಣವೊಂದರಲ್ಲಿ ಮಹಿಳೆಯೊಬ್ಬರ ಹೆಸರು ತನ್ನ ಆದೇಶದ ಮೂಲಕ ಅಂತರಜಾಲದ ಹುಡುಕಾಟದಲ್ಲಿ ಸಿಗದಂತೆ ಮರೆಮಾಡಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು.

ಆಧಾರ್ ಅಧಿನಿಯಮ, 2016: ವ್ಯಕ್ತಿಯ 12 ಅಂಕಿಗಳ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಇದರ 29ನೇ ಕಲಂ ನಿರ್ಬಂಧಿಸುತ್ತದೆ. ಅದರಡಿಯ ಮಾಹಿತಿ ಹಂಚಿಕೆ ವಿನಿಯಮಗಳು, ಸಂಖ್ಯೆಯಿರುವ ದಾಖಲೆಯನ್ನು ಪ್ರಕಟಿಸಬೇಕಾದರೆ ಅದನ್ನು ಮರೆಮಾಡಿರಬೇಕು ಎನ್ನುತ್ತವೆ. ಕೊನೆಯ 4 ಅಂಕಿಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಪ್ರತಿಯೂ ಲಭ್ಯವಿದೆ.

ಸಂತ್ರಸ್ತರ ಗುರುತು: ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. 2024ರ ಜುಲೈ 1ಕ್ಕೆ ಮೊದಲು ಇದು ಭಾರತೀಯ ದಂಡ ಸಂಹಿತೆಯ 228ಎ ಕಲಮಿನಲ್ಲಿತ್ತು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಪೋಕ್ಸೋ ಅಧಿನಿಯಮ, 2012 ಇನ್ನೂ ಮುಂದೆ ಹೋಗಿ, ಮಗುವಿನ ಕುಟುಂಬ, ಶಾಲೆ, ಬಂಧುಗಳು ಮತ್ತು ನೆರೆಹೊರೆಯ ವಿವರವನ್ನೂ ಗುರುತಿನ ಭಾಗವೆಂದೇ ಪರಿಗಣಿಸುತ್ತದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023: ಇದರ 44(3)ನೇ ಕಲಂ ಮಾಹಿತಿ ಹಕ್ಕು ಅಧಿನಿಯಮದ 8(1)(ಜೆ) ಉಪಬಂಧವನ್ನು ತಿದ್ದುಪಡಿ ಮಾಡಿತು. ತಿದ್ದುಪಡಿಯು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು.

ತಂತ್ರಾಂಶಗಳು

ದೊಡ್ಡ ವ್ಯಾಜ್ಯ ಮತ್ತು ತನಿಖೆಗಳಲ್ಲಿ ಸಾವಿರಾರು ಪುಟಗಳನ್ನು ಹಲವರು ಒಟ್ಟಾಗಿ ಪರಿಶೀಲಿಸಲು ರೆಲೆಟಿವಿಟಿ, ಎವರ್‌ಲಾ ಮುಂತಾದ ಪರಿಶೀಲನಾ ತಂತ್ರಾಂಶಗಳಿವೆ. ಇವುಗಳಲ್ಲಿ ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಗುರುತು ಹಾಕಲಾಗುತ್ತದೆ. ಪ್ರತಿಯೊಂದು ಗುರುತಿಗೂ ಕಾರಣವನ್ನು ಲಗತ್ತಿಸಬಹುದು. ಕೊನೆಗೆ ಮರೆಮಾಡಿದ ಪ್ರತ್ಯೇಕ ಪ್ರತಿಯನ್ನು ಹೊರತೆಗೆಯಲಾಗುತ್ತದೆ.

ಸಣ್ಣ ಪ್ರಮಾಣದ ಕೆಲಸಕ್ಕೆ ಅಡೋಬಿ ಅಕ್ರೊಬ್ಯಾಟ್‌ನ ಹಣ ತೆತ್ತು ಪಡೆಯುವ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಸಾಧನವಿದೆ. ಅದರಲ್ಲಿ ಗುರುತು ಹಾಕುವುದು ಒಂದು ಹಂತ, ಗುರುತನ್ನು ಅನ್ವಯಿಸುವುದು ಮತ್ತೊಂದು ಹಂತ. ಎರಡನೆಯ ಹಂತ ಮುಗಿಯುವವರೆಗೆ ಮಾಹಿತಿ ಅಳಿದಿರುವುದಿಲ್ಲ. ಉಚಿತ ಹಾಗೂ ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ 2019ರ 6.3ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಅದು ಪುಟಗಳನ್ನು ಚಿತ್ರರೂಪಕ್ಕೆ ಪರಿವರ್ತಿಸಿ ಪಿಡಿಎಫ್ ನೀಡುವುದರಿಂದ ಪಟ್ಟಿಯ ಕೆಳಗಿನ ಪಠ್ಯ ಉಳಿಯುವುದಿಲ್ಲ.

ಕಾರ್ಯವಿಧಾನ

1. ಮೂಲ ದಾಖಲೆಯನ್ನು ಬದಲಿಸದೆ ಸುರಕ್ಷಿತವಾಗಿಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುವುದು.
2. ಯಾವ ಬಗೆಯ ಮಾಹಿತಿಯನ್ನು ಯಾವ ಕಲಮಿನಡಿ ಮರೆಮಾಡಬೇಕೆಂದು ಮೊದಲೇ ಪಟ್ಟಿ ಮಾಡಿಕೊಳ್ಳುವುದು.
3. ಸ್ಕ್ಯಾನ್ ಮಾಡಿದ ಪುಟಗಳನ್ನು ಅಕ್ಷರ ಗುರುತಿಸುವ ತಂತ್ರಾಂಶದಿಂದ ಹುಡುಕಬಲ್ಲ ಪಠ್ಯವಾಗಿಸುವುದು.
4. ಹೆಸರು ಮತ್ತು ಸಂಖ್ಯೆಗಳನ್ನು ಹುಡುಕಿ ಗುರುತು ಹಾಕುವುದು. ಬಳಿಕ ಪ್ರತಿ ಪುಟವನ್ನೂ ಕಣ್ಣಾರೆ ಓದುವುದು.
5. ಪ್ರತಿ ಗುರುತಿನ ಬಳಿ ಕಾರಣ ನಮೂದಿಸುವುದು.
6. ಗುರುತುಗಳನ್ನು ಅನ್ವಯಿಸಿ, ಟಿಪ್ಪಣಿ, ಬುಕ್‌ಮಾರ್ಕ್, ಹಿಂದಿನ ತಿದ್ದುಪಡಿ, ಲೇಖಕರ ಹೆಸರು ಮೊದಲಾದ ಅಡಗಿದ ವಿವರಗಳನ್ನೂ ತೆಗೆದುಹಾಕುವುದು. ಕಡತದ ಹೆಸರಿನಲ್ಲಿಯೂ ವ್ಯಕ್ತಿಯ ಹೆಸರು ಇರಬಾರದು.
7. ಸಿದ್ಧವಾದ ಪ್ರತಿಯನ್ನು ಬೇರೊಬ್ಬರು ತೆರೆದು, ಪಟ್ಟಿಯ ಭಾಗವನ್ನು ನಕಲು ಮಾಡಿ, ಮರೆಮಾಡಿದ ಹೆಸರನ್ನು ಹುಡುಕಿ ಪರೀಕ್ಷಿಸುವುದು.

ತಂತ್ರಾಂಶದ ಸೌಲಭ್ಯವಿಲ್ಲದ ಕಡೆ, ಕಾಗದದ ಪ್ರತಿಯ ಮೇಲೆ ದಪ್ಪವಾಗಿ ಮಸಿ ಬಳಿದು, ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸ್ ಪ್ರತಿಯನ್ನು ಮಾತ್ರ ನೀಡಬಹುದು. ಮಸಿ ಬಳಿದ ಮೊದಲ ಹಾಳೆಯನ್ನೇ ಬೆಳಕಿಗೆ ಹಿಡಿದರೆ ಅಕ್ಷರ ಕಾಣುವ ಸಾಧ್ಯತೆ ಇರುವುದರಿಂದ ಅದನ್ನು ಕೊಡಬಾರದು.

ಕನ್ನಡ ದಾಖಲೆಗಳ ವಿಶೇಷ ತೊಡಕುಗಳು

ಬಹುತೇಕ ಪರಿಶೀಲನಾ ತಂತ್ರಾಂಶಗಳು ಇಂಗ್ಲಿಷ್ ಪಠ್ಯವನ್ನು ಗಮನದಲ್ಲಿಟ್ಟು ರೂಪುಗೊಂಡವು. ಕನ್ನಡ ದಾಖಲೆಗಳಲ್ಲಿ ಕೆಲವು ಬೇರೆ ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಅಕ್ಷರ ಸಂಕೇತದ ಸಮಸ್ಯೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳು ಯುನಿಕೋಡ್‌ನಲ್ಲಿರುವುದಿಲ್ಲ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಅವು ಲ್ಯಾಟಿನ್ ಚಿಹ್ನೆಗಳ ಸಾಲುಗಳು. ಯುನಿಕೋಡ್‌ನಲ್ಲಿ ಬೆರಳಚ್ಚಿಸಿ ಹೆಸರನ್ನು ಹುಡುಕಿದರೆ, ಪುಟದ ತುಂಬ ಆ ಹೆಸರಿದ್ದರೂ ಫಲಿತಾಂಶ ಶೂನ್ಯ.

ಎರಡನೆಯದು ವಿಭಕ್ತಿ ಪ್ರತ್ಯಯಗಳು. ‘ಲಕ್ಷ್ಮಮ್ಮ’ ಎಂಬ ಹೆಸರು ಲಕ್ಷ್ಮಮ್ಮನ, ಲಕ್ಷ್ಮಮ್ಮನಿಗೆ, ಲಕ್ಷ್ಮಮ್ಮನವರಿಂದ ಎಂದು ಬದಲಾಗುತ್ತದೆ. ಲಕ್ಷ್ಮಿಯಮ್ಮ, ಲಕ್ಕಮ್ಮ ಎಂಬ ರೂಪಗಳೂ ಅದೇ ಕಡತದಲ್ಲಿ ಇರಬಹುದು. ಇಡೀ ಪದವನ್ನು ಮಾತ್ರ ಹುಡುಕುವ ಆಯ್ಕೆಯಿಂದ ಇವೆಲ್ಲ ತಪ್ಪಿಹೋಗುತ್ತವೆ.

ಮೂರನೆಯದು ಸ್ಕ್ಯಾನ್ ಪ್ರತಿಗಳು. ಮುಕ್ತ ತಂತ್ರಾಂಶವಾದ ಟೆಸರ‍್ಯಾಕ್ಟ್ ಮುದ್ರಿತ ಕನ್ನಡವನ್ನು ಗುರುತಿಸಬಲ್ಲದು. ಆದರೆ ಮಸುಕಾದ ಪ್ರತಿಗಳಲ್ಲಿ ಒತ್ತಕ್ಷರಗಳು ತಪ್ಪಾಗಬಹುದು. ಗ್ರಾಮ ಲೆಕ್ಕಿಗರ ಕೈಬರಹದ ವರದಿಗಳಲ್ಲಿ ಯಂತ್ರದ ಹುಡುಕಾಟವನ್ನು ನೆಚ್ಚುವಂತಿಲ್ಲ. ಆದ್ದರಿಂದ ಕನ್ನಡ ಕಡತಗಳಲ್ಲಿ ಮನುಷ್ಯರೇ ಓದುವ ಹಂತವನ್ನು ಕೈಬಿಡಲಾಗದು.

ಸಣ್ಣ ಊರುಗಳಲ್ಲಿ ಪರೋಕ್ಷ ಗುರುತು

ಹೆಸರನ್ನು ಅಳಿಸಿದ ಮಾತ್ರಕ್ಕೆ ವ್ಯಕ್ತಿಯ ಗುರುತು ಅಳಿಯುವುದಿಲ್ಲ. ಊರು ಚಿಕ್ಕದಾದಷ್ಟೂ ಈ ಮಾತು ಹೆಚ್ಚು ನಿಜ. ತುಮಕೂರು ನಗರದ ದಾಖಲೆಯೊಂದರಲ್ಲಿ ‘ಒಬ್ಬ ಶಿಕ್ಷಕಿ’ ಎಂದಿದ್ದರೆ ಆಕೆ ಯಾರೆಂದು ತಿಳಿಯುವುದು ಕಷ್ಟ. ಕುಣಿಗಲ್ ಅಥವಾ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನು ಉಳಿಸಿ ‘ಅಂಗನವಾಡಿ ಕಾರ್ಯಕರ್ತೆ ನೀಡಿದ ದೂರು’ ಎಂದು ಬಿಟ್ಟರೆ, ಆ ಊರಿನವರಿಗೆ ಹೆಸರು ಬೇಕಾಗುವುದೇ ಇಲ್ಲ. ಪಡಿತರದ ಅಕ್ರಮವನ್ನೋ ಬಾಲ್ಯವಿವಾಹವನ್ನೋ ಕುರಿತು ದೂರಿದವರು ಅದೇ ಬೀದಿಯಲ್ಲಿ ಬಾಳಬೇಕಾದವರು. ಮಾಹಿತಿ ನೀಡಿದವರ ಜೀವಕ್ಕೆ ಅಥವಾ ದೈಹಿಕ ಸುರಕ್ಷತೆಗೆ ಅಪಾಯ ತರುವ ವಿವರವನ್ನು 8(1)(ಜಿ) ಉಪಬಂಧವು ವಿನಾಯಿತಿಯಲ್ಲಿ ಸೇರಿಸಿರುವುದು ಇಂಥವರ ರಕ್ಷಣೆಗಾಗಿ.

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಹೆಸರಿನ ಜೊತೆಗೆ ‘ಬಿನ್’ ಎಂದು ತಂದೆಯ ಹೆಸರನ್ನೂ ‘ಕೋಂ’ ಎಂದು ಗಂಡನ ಹೆಸರನ್ನೂ ಬರೆಯುವ ರೂಢಿಯಿದೆ. ವ್ಯಕ್ತಿಯ ಹೆಸರನ್ನು ಅಳಿಸಿ ‘ಬಿನ್’ ಅಥವಾ ‘ಕೋಂ’ ನಂತರದ ಹೆಸರನ್ನು ಉಳಿಸಿದರೆ ಪ್ರಯೋಜನವಿಲ್ಲ. ಸರ್ವೆ ನಂಬರು ಉಳಿದಿದ್ದರೆ, ಭೂಮಿ ಯೋಜನೆಯಡಿ ಗಣಕೀಕೃತವಾದ ಪಹಣಿಯನ್ನು ನೋಡಿ ಖಾತೆದಾರರ ಹೆಸರನ್ನು ತಿಳಿಯಬಹುದು. ಜಾತಿ, ವಯಸ್ಸು, ಹುದ್ದೆ, ಘಟನೆಯ ದಿನಾಂಕ ಇವುಗಳನ್ನು ಒಂದೊಂದಾಗಿ ನೋಡಿದರೆ ಗುರುತು ಸಿಗದಿದ್ದರೂ ಒಟ್ಟಾಗಿ ನೋಡಿದಾಗ ಸಿಗಬಹುದು. ಹೀಗಾಗಿ ದಾಖಲೆಯನ್ನು ಪರಿಶೀಲಿಸುವವರು, ಆ ಊರನ್ನು ಬಲ್ಲವರೊಬ್ಬರು ಇದನ್ನು ಓದಿದರೆ ಏನನ್ನು ಊಹಿಸಬಲ್ಲರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಈ ಪ್ರಶ್ನೆಗೆ ಉತ್ತರಿಸಲು ಸ್ಥಳೀಯ ತಿಳಿವಳಿಕೆ ಬೇಕು. ತಂತ್ರಾಂಶದ ಹುಡುಕಾಟವೊಂದೇ ಸಾಲದು.

ಪ್ರಮುಖ ವೈಫಲ್ಯಗಳು

2005ರಲ್ಲಿ, ಇಟಲಿಯ ಗುಪ್ತಚರ ಅಧಿಕಾರಿ ನಿಕೋಲಾ ಕಾಲಿಪಾರಿ ಇರಾಕ್‌ನಲ್ಲಿ ಹತರಾದ ಬಗ್ಗೆ ಅಮೆರಿಕದ ಸೇನೆ ಪ್ರಕಟಿಸಿದ ವರದಿಯಲ್ಲಿ, ಕಪ್ಪು ಪಟ್ಟಿಗಳ ಕೆಳಗಿನ ಪಠ್ಯವನ್ನು ನಕಲು ಮಾಡಿ ಓದಲು ಸಾಧ್ಯವಾಯಿತು. 2019ರ ಜನವರಿಯಲ್ಲಿ ಅಮೆರಿಕದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆಯಲ್ಲಿಯೂ ಇದೇ ಲೋಪ ಕಂಡುಬಂದಿತು. 2021ರ ಜನವರಿಯಲ್ಲಿ ಯುರೋಪಿಯನ್ ಆಯೋಗವು ಆಸ್ಟ್ರಾಜೆನೆಕಾ ಸಂಸ್ಥೆಯೊಂದಿಗಿನ ಲಸಿಕೆ ಒಪ್ಪಂದವನ್ನು ಪ್ರಕಟಿಸಿದಾಗ, ಪುಟಗಳಲ್ಲಿ ಮರೆಮಾಡಿದ್ದ ಕೆಲವು ಭಾಗಗಳು ಪಿಡಿಎಫ್ ಬುಕ್‌ಮಾರ್ಕ್‌ಗಳಲ್ಲಿ ಉಳಿದಿದ್ದವು. ಚಿತ್ರಗಳಲ್ಲಿ ಅಕ್ಷರಗಳನ್ನು ಚೌಕಳಿಯಾಗಿ ಮಸುಕುಗೊಳಿಸುವ ಕ್ರಮವೂ ಭದ್ರವಲ್ಲ; ಅಂಥ ಚಿತ್ರಗಳಿಂದ ಪಠ್ಯವನ್ನು ಮರಳಿ ಊಹಿಸುವ ಸಾಧನಗಳಿವೆ.

ಅತಿಯಾದ ಮರೆಮಾಡುವಿಕೆ

ಅಗತ್ಯಕ್ಕಿಂತ ಹೆಚ್ಚು ಮರೆಮಾಡುವುದೂ ದೋಷವೇ. ಸರ್ಕಾರಿ ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ತಾವಾಗಿಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮದ 4ನೇ ಕಲಂ ಸಾರ್ವಜನಿಕ ಪ್ರಾಧಿಕಾರಗಳಿಗೆ ವಿಧಿಸಿದೆ. ಗ್ರಾಮ ಪಂಚಾಯಿತಿಯ ಮನೆ ಹಂಚಿಕೆ ಪಟ್ಟಿಯಲ್ಲಿ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮರೆಮಾಡುವುದು ಸರಿ. ಹೆಸರುಗಳನ್ನೇ ಮರೆಮಾಡಿದರೆ, ಮನೆಯಿದ್ದವರಿಗೇ ಮತ್ತೆ ಮನೆ ದೊರೆತಿದೆಯೇ ಎಂಬುದನ್ನು ಗ್ರಾಮಸ್ಥರು ಪರಿಶೀಲಿಸಲಾಗದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಂತಹ ರಕ್ಷಣಾ ಘಟಕಗಳ ವಿಷಯದಲ್ಲಿಯೂ, ದೇಶದ ಭದ್ರತೆಗೆ ಸಂಬಂಧಿಸಿದ ವಿವರಕ್ಕೆ ವಿನಾಯಿತಿಯಿದೆ ಎಂಬುದರಿಂದ ಪ್ರತಿಯೊಂದು ಕಾಗದಕ್ಕೂ ತಾನಾಗಿಯೇ ವಿನಾಯಿತಿ ದೊರೆಯುವುದಿಲ್ಲ.

8(1)(ಜೆ) ಉಪಬಂಧದ ಮೂಲ ರೂಪದಲ್ಲಿ, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿಯಿತ್ತು. ತಿದ್ದುಪಡಿಯ ನಂತರ ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ ಆಧಾರ ಸಾಕು. ಇದು ಅಧಿಕಾರಿಗಳ ಅಕ್ರಮವನ್ನು ಮುಚ್ಚಲು ನೆರವಾಗಬಹುದೆಂದು ಮಾಹಿತಿ ಹಕ್ಕು ಕಾರ್ಯಕರ್ತರು ಟೀಕಿಸಿದ್ದಾರೆ. ಸಂರಕ್ಷಿತ ಹಿತಾಸಕ್ತಿಗೆ ಆಗುವ ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಾಗಿದ್ದರೆ ಮಾಹಿತಿ ನೀಡಬಹುದೆಂಬ 8(2) ಉಪಬಂಧ ಇನ್ನೂ ಉಳಿದಿದೆ ಎಂಬುದು ಸರ್ಕಾರದ ಸಮರ್ಥನೆ.

ಮೇಲ್ಮನವಿ

ಮರೆಮಾಡಿದ ಭಾಗಕ್ಕೆ ಕಾರಣ ನೀಡದಿದ್ದರೆ ಅಥವಾ ಕಾರಣ ಒಪ್ಪಿಗೆಯಾಗದಿದ್ದರೆ, ಉತ್ತರ ದೊರೆತ 30 ದಿನಗಳೊಳಗೆ ಅದೇ ಪ್ರಾಧಿಕಾರದ ಪ್ರಥಮ ಮೇಲ್ಮನವಿ ಅಧಿಕಾರಿಗೆ ಮನವಿ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ, ರಾಜ್ಯ ಸರ್ಕಾರದ ಕಚೇರಿಗಳಿಗೆ ಸಂಬಂಧಿಸಿದಂತೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಾಹಿತಿ ನಿರಾಕರಿಸಿದ್ದು ಸರಿಯೆಂದು ಸಾಧಿಸುವ ಹೊಣೆ ನಿರಾಕರಿಸಿದ ಅಧಿಕಾರಿಯದೇ ಆಗಿರುತ್ತದೆ.

ಇವನ್ನೂ ನೋಡಿ

ಮಾಹಿತಿ ಹಕ್ಕು ಅಧಿನಿಯಮ, 2005
ಖಾಸಗಿತನದ ಹಕ್ಕು
ಆಧಾರ್
ಯುನಿಕೋಡ್
ತುಮಕೂರು ಜಿಲ್ಲೆ